ಹಣ ಕೊಡುವ ಮುನ್ನ ಸಂಘಕ್ಕೊಂದು ಮಾತು

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



"ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ" ಅಂತ ಪ್ರತಿ ತರಬೇತಿಯಲ್ಲೂ ನಾವು ಹೇಳುತ್ತಾ ಬಂದಿದ್ದೇವೆ. ವಾರಕ್ಕೆ ಹತ್ತು ರೂಪಾಯಿಯಿಂದ ಶುರು ಮಾಡಿದ ನೀವು ಇಂದು ಬ್ಯಾಂಕಿನಲ್ಲಿ ಲಕ್ಷದ ವ್ಯವಹಾರ ಮಾಡುತ್ತಿದ್ದೀರಿ. ಇದು ಹೆಮ್ಮೆಯ ವಿಷಯ. ಆದರೆ ನಮ್ಮದೂ ಒಂದು ತಪ್ಪಿದೆ. ಉಳಿಸೋದು ಹೇಗೆ ಅಂತ ಕಲಿಸಿದೆವು, ಉಳಿಸಿದ್ದನ್ನು ಕಾಯೋದು ಹೇಗೆ ಅಂತ ಅಷ್ಟಾಗಿ ಕಲಿಸಲಿಲ್ಲ.

ನಮ್ಮ ಒಂದು ಸಂಘದ ಸದಸ್ಯೆಗೆ ಒಂದು ಫೋನ್ ಬಂತು. "ಬ್ಯಾಂಕಿನಿಂದ ಮಾತಾಡ್ತಿದ್ದೇವೆ, ನಿಮ್ಮ ಗೃಹಲಕ್ಷ್ಮಿ ಹಣ ನಿಂತುಹೋಗಿದೆ, ಈಗಲೇ ಸರಿಮಾಡಬೇಕು" ಅಂದರು. ಎಟಿಎಂ ಕಾರ್ಡಿನ ಹಿಂದೆ ಮುಂದೆ ಇದ್ದ ಅಂಕಿಗಳನ್ನು ಓದಿಸಿದರು, ಮೊಬೈಲಿಗೆ ಬಂದ ಓಟಿಪಿಯನ್ನೂ ಹೇಳಿಸಿಕೊಂಡರು. ಮಗಳ ನರ್ಸಿಂಗ್ ಫೀಸಿಗೆ ಅಂತ ಕೂಡಿಟ್ಟ 38 ಸಾವಿರ ರೂಪಾಯಿ ಹೋಯಿತು. ಅರ್ಧ ಗಂಟೆಯಲ್ಲೇ ಅವಳಿಗೆ ಮೋಸ ತಿಳಿಯಿತು. ಆದರೂ ಐದು ದಿನ ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಅಂತ ನಾವು ಕೇಳಿದಾಗ ಅವಳು ಕೊಟ್ಟ ಉತ್ತರ ನಮ್ಮನ್ನು ಈಗಲೂ ಚುಚ್ಚುತ್ತದೆ. ಹಿಂದೆ ಇನ್ನೊಬ್ಬಳು ಹೀಗೇ ಹಣ ಕಳೆದುಕೊಂಡು ಸಭೆಯಲ್ಲಿ ಹೇಳಿದ್ದಳು. "ಇಷ್ಟೂ ಗೊತ್ತಾಗಲಿಲ್ವಾ ನಿಂಗೆ?" ಅಂತ ಎಲ್ಲರೂ ನಕ್ಕಿದ್ದರು. ಆ ಸಭೆಯಲ್ಲಿ ನಾವೂ ಕೂತಿದ್ದೆವು. ನಗುವನ್ನು ನಾವು ತಡೆಯಲಿಲ್ಲ.

ಸಹೋದರಿಯರೇ, ಮೋಸಗಾರನಿಗೆ ಬೇಕಾದದ್ದು ಮೂರು. ನಾವು ಆತುರಪಡಬೇಕು, ಯಾರಿಗೂ ಹೇಳಬಾರದು, ಆಮೇಲೆ ನಾಚಿಕೆಯಿಂದ ಬಾಯಿ ಮುಚ್ಚಬೇಕು. ಈ ಮೂರಕ್ಕೂ ಮದ್ದು ನಮ್ಮ ವಾರದ ಸಭೆಯಲ್ಲಿದೆ. ಮೋಸ ಯಾವ ಯಾವ ವೇಷದಲ್ಲಿ ಬರುತ್ತದೆ, ನೋಡೋಣ.

1. ದುಪ್ಪಟ್ಟು ಹಣದ ಆಸೆ: ನಮ್ಮ ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 24 ರೂಪಾಯಿ. ಅದನ್ನು ಕಟ್ಟೋದೇ ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಹಾಗಿರುವಾಗ ನೂರಕ್ಕೆ ತಿಂಗಳಿಗೆ ಐದು ರೂಪಾಯಿ, ಅಂದರೆ ವರ್ಷಕ್ಕೆ 60 ರೂಪಾಯಿ ಕೊಡುವವನು ಎಲ್ಲಿಂದ ತರುತ್ತಾನೆ? ಹೊಸಬರ ಹಣವನ್ನು ಹಳಬರಿಗೆ ಕೊಡುತ್ತಾನೆ, ಅಷ್ಟೇ. ಬೆಂಗಳೂರಿನ ಐಎಂಎ ಸಂಸ್ಥೆ 2006ರಲ್ಲಿ ಶುರುವಾಗಿ ವರ್ಷಗಟ್ಟಲೆ ಲಾಭದ ಪಾಲು ಅಂತ ಹಣ ಕೊಟ್ಟಿತು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ದೂರು ಕೊಡಲು ಸಾಲು ನಿಂತ ಸಾವಿರಾರು ಜನರಲ್ಲಿ ನಮ್ಮಂಥ ಹೆಂಗಸರು ಬಹಳ ಮಂದಿ ಇದ್ದರು. "ನಮಗೆ ಮೊದಲ ತಿಂಗಳು ಹಣ ಬಂತಲ್ಲ" ಅನ್ನೋದು ಗ್ಯಾರಂಟಿ ಅಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಚೀಟಿ ಹಾಕುವುದಾದರೆ 1982ರ ಚಿಟ್ ಫಂಡ್ ಕಾಯಿದೆಯಡಿ ನೋಂದಣಿ ಆಗಿದೆಯೇ ಅಂತ ಕೇಳಿ. "ಇನ್ನಿಬ್ಬರನ್ನು ಸೇರಿಸಿದರೆ ಕಮಿಷನ್" ಅನ್ನುವ ಹಣದ ಸರಪಳಿ ಯೋಜನೆಗಳನ್ನು ಸರ್ಕಾರ 1978ರಲ್ಲೇ ನಿಷೇಧಿಸಿದೆ.

2. ಫೋನಿನ ಮೋಸ: ಬ್ಯಾಂಕಿನವರು ಫೋನ್ ಮಾಡಿ ಓಟಿಪಿ, ಪಿನ್ ಕೇಳುವುದಿಲ್ಲ. ಇನ್ನೊಂದು ಮಾತು ಚೆನ್ನಾಗಿ ನೆನಪಿಡಿ: ಹಣ ಬರುವಾಗ ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ನಮ್ಮ ಹಣ ಹೋಗುತ್ತದೆ ಅಂತಲೇ ಅರ್ಥ. ವಿಡಿಯೋ ಕಾಲಿನಲ್ಲಿ ಪೊಲೀಸ್ ಬಟ್ಟೆ ತೊಟ್ಟು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ" ಅಂತ ಹೆದರಿಸುವವರೂ ಇದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ಅರೆಸ್ಟೇ ಇಲ್ಲ. ಫೋನ್ ಇಟ್ಟುಬಿಡಿ.

3. ಪರಿಚಯದವರ ಮೋಸ: "ಅಕ್ಕಾ, ನಿನ್ನ ಹೆಸರಲ್ಲಿ ಸಾಲ ತೆಗೆದುಕೊಡು, ಕಂತು ನಾನು ಕಟ್ತೀನಿ" ಅನ್ನುವವರು ಹೊರಗಿನವರಲ್ಲ, ಪಕ್ಕದ ಮನೆಯವರೇ. ಸಹಿ ಯಾರದೋ ಸಾಲ ಅವರದೇ. ಸಾಲ ಮಂಜೂರಾಗಲು ಮೊದಲು ಇಷ್ಟು ಕಟ್ಟಿ ಅಂದರೆ ಕಟ್ಟಬೇಡಿ. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಸಹಿ ಹಾಕಬೇಡಿ. ಸಂಘದ ಪ್ರತಿನಿಧಿಗಳಿಗೂ ಈ ಮಾತು ಅನ್ವಯಿಸುತ್ತದೆ. ಹೆಬ್ಬೆಟ್ಟು ಒತ್ತಿ ಹಣ ತೆಗೆಯುವವರು ರಸೀದಿ ಕೇಳಿ ಪಡೆಯಿರಿ, ಪಾಸ್‌ಬುಕ್ ಆಗಾಗ ಬರೆಸಿ.

ಇಷ್ಟಾದರೂ ಮೋಸ ಹೋದರೆ? ಓದಿದವರು, ಅಧಿಕಾರಿಗಳು ಕೂಡ ಮೋಸ ಹೋಗಿದ್ದಾರೆ. ತಡಮಾಡದೆ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಮೋಸದ ದೂರಿಗೆ ಇರುವ ಸರ್ಕಾರದ ಸಹಾಯವಾಣಿ. ಕಳ್ಳ ಹಣ ತೆಗೆಯುವ ಮುಂಚೆ ದೂರು ಸಿಕ್ಕಿದರೆ ಆ ಹಣವನ್ನು ಖಾತೆಯಲ್ಲೇ ತಡೆಹಿಡಿಯಲು ಸಾಧ್ಯ. ಬ್ಯಾಂಕಿಗೂ ಆಗಲೇ ತಿಳಿಸಿ, ಕಾರ್ಡ್ ನಿಲ್ಲಿಸಿ, ಪೊಲೀಸ್ ಠಾಣೆಗೆ ದೂರು ಕೊಡಿ. ಬಂದ ಮೆಸೇಜುಗಳನ್ನು ಅಳಿಸಬೇಡಿ. "ಹೋದ ಹಣ ಬಿಡಿಸಿಕೊಡ್ತೀವಿ, ಫೀಸು ಕೊಡಿ" ಅನ್ನುವವನು ಎರಡನೇ ಕಳ್ಳ.

ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರೆ ಏನು ಬಂತು? ಅದಕ್ಕೆ ಇಂದು ಎರಡು ನಿರ್ಣಯ ಮಾಡಿ, ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ ಅಂತ ಕೇಳಿಕೊಳ್ಳುತ್ತೇವೆ. ಒಂದು, ಪ್ರತಿ ಸಭೆಯ ಕೊನೆಗೆ ಹತ್ತು ನಿಮಿಷ, "ಈ ವಾರ ಯಾರಿಗೆ ಎಂಥ ಫೋನ್ ಬಂತು? ಹಣ ಕೇಳಿಕೊಂಡು ಯಾರು ಬಂದರು?" ಅಂತ ಮಾತಾಡುವುದು. ಹೊಸ ಯೋಜನೆಗೆ ಹಣ ಹಾಕುವ ಮುಂಚೆ ಸಭೆಯ ಕಿವಿಗೆ ಹಾಕುವುದು. ಸಭೆಯವರೆಗೂ ಕಾಯಲು ಬಿಡದವನು ಒಳ್ಳೆಯವನಾಗಿರಲಾರ. ಎರಡು, ಮೋಸಹೋಗಿ ಬಂದವಳನ್ನು ಬೈಯಬಾರದು, ನಗಬಾರದು. "ಊಟ ಆಯ್ತಾ? ಬಾ, 1930ಕ್ಕೆ ಫೋನ್ ಮಾಡೋಣ" ಅನ್ನಬೇಕು.

ಆ ಸಹೋದರಿಯ ಹಣ ಈವರೆಗೂ ಬಂದಿಲ್ಲ. ಮೊದಲ ದಿನವೇ ಹೇಳಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತೋ ಏನೋ. ಸಂಘದವರು ಆಂತರಿಕ ಸಾಲ ಕೊಟ್ಟು ಮಗಳ ಫೀಸು ಕಟ್ಟಿಸಿದರು. ಮಗಳು ಓದುತ್ತಿದ್ದಾಳೆ. ತಾಯಿ ಇನ್ನೂ ಕಂತು ಕಟ್ಟುತ್ತಿದ್ದಾಳೆ. ಅವಳ ಆ ಐದು ದಿನ ನಿಮ್ಮಲ್ಲಿ ಯಾರಿಗೂ ಬರಬಾರದು.