ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಎತ್ತುಗಳ ಸಾಗಾಟ
(ಸಿರವಾರದಲ್ಲಿ ರೈತರಿಗಾಗಿ ಮಾಡಿದ ಭಾಷಣ)



ಸಿರವಾರ, ಮಾನ್ವಿ, ದೇವದುರ್ಗದ ಕಡೆ ಸಂತೆಯಲ್ಲಿ ಕೊಂಡ ಎತ್ತುಗಳು ಈಗ ನಡೆದು ಬರುವುದು ಕಡಿಮೆ. ಟ್ರೇಲರ್ ಏರಿ ಬರುವುದೇ ಹೆಚ್ಚು. ದಾರಿಯಲ್ಲಿ ಒಂದರ ಕಾಲು ಮುರಿದರೆ ಜೋಡಿಯೇ ಕೆಟ್ಟಿತು, ಹಂಗಾಮೂ ಕೈತಪ್ಪಿತು.

ಮೊದಲು ಜಾಗದ ಲೆಕ್ಕ. ಕೇಂದ್ರ ಮೋಟಾರು ವಾಹನ ನಿಯಮಗಳು ಒಂದು ಹಸು ಅಥವಾ ಎಮ್ಮೆಗೆ 2 ಚದರ ಮೀಟರ್, ಎಂದರೆ ಸುಮಾರು 21.5 ಚದರ ಅಡಿ ಗೊತ್ತುಪಡಿಸಿವೆ. ಎತ್ತಿಗೆ ಇದಕ್ಕಿಂತ ಕಡಿಮೆ ಸಾಲದು. 10 ಅಡಿ ಉದ್ದ, 6 ಅಡಿ ಅಗಲದ ಟ್ರೇಲರಿನಲ್ಲಿ 60 ಚದರ ಅಡಿ ಜಾಗವಿದೆ. ಎರಡು ಎತ್ತಿಗೆ 43 ಸಾಕು, ಮೂರಕ್ಕೆ 64.5 ಬೇಕು. ಆದ್ದರಿಂದ ಒಂದು ಜೋಡಿಯೇ ಮಿತಿ.

1978ರ ಪ್ರಾಣಿ ಸಾಗಾಣಿಕೆ ನಿಯಮಗಳಂತೆ ಕಾಲು ಜಾರದಂತೆ ನಾರಿನ ಚಾಪೆ ಅಥವಾ ಹಲಗೆ ಹಾಸಬೇಕು. ಗಿಡ್ಡ ಪಕ್ಕೆಗಳನ್ನು ಎತ್ತರಿಸಬೇಕು. ಬೇರೆ ಸರಕು ಹೇರಬಾರದು. ಒಬ್ಬ ಆಳು ಜೊತೆಗಿರಬೇಕು. ಎತ್ತುಗಳ ಮುಖ ಇಂಜಿನ್ನಿನ ಕಡೆಗಿರುವುದು ಲೇಸು. ಮೂಗುದಾರ ಹಿಡಿದು ಕಟ್ಟದೆ ಕೊರಳ ಹಗ್ಗದಿಂದ ಕಟ್ಟಿರಿ.

ಟ್ರೇಲರ್ ಜೋಡಿಸುವ ಪಿನ್ನು ಮೇಲೇಳದಂತೆ ಲಾಕು ಹಾಕಿ, ಸರಪಳಿಯನ್ನೂ ಬಿಗಿಯಿರಿ. ರಸ್ತೆಗೆ ಬರುವ ಮುನ್ನ ಎರಡೂ ಬ್ರೇಕ್ ಪೆಡಲುಗಳನ್ನು ಕೂಡಿಸಿ ಕೊಂಡಿ ಹಾಕಿರಿ. ಒಂದನ್ನೇ ತುಳಿದರೆ ಟ್ರ್ಯಾಕ್ಟರ್ ಒಂದೇ ಕಡೆ ತಿರುಗಿ ಮಗುಚಬಹುದು. ಕಾಲುವೆಯ ಏರಿ ಇಳಿಯುವಾಗ ಕೆಳಗಿನ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಬೇಡ. ಟ್ರೇಲರಿನ ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ತಪ್ಪದೆ ಇರಲಿ.

ಚಾಲಕನ ಲೈಸೆನ್ಸು, ಟ್ರ್ಯಾಕ್ಟರ್ ಮತ್ತು ಟ್ರೇಲರ್ ಎರಡರ ನೋಂದಣಿ, ವಿಮೆ, ಪಶುವೈದ್ಯರ ಪ್ರಮಾಣಪತ್ರ, ಎತ್ತು ಕೊಂಡ ರಸೀತಿ ಜೊತೆಗಿರಲಿ. ರಾಜ್ಯದ 2020ರ ಜಾನುವಾರು ಕಾಯಿದೆಯಡಿ ಬೇಸಾಯಕ್ಕೆಂದೇ ಒಯ್ಯುತ್ತಿರುವುದನ್ನು ತೋರಿಸಲು ಇವು ಬೇಕು. ಹೊರಡುವ ಮುನ್ನ ಸಮೀಪದ ಪಶು ಆಸ್ಪತ್ರೆಯಲ್ಲೂ ಆರ್.ಟಿ.ಓ. ಕಚೇರಿಯಲ್ಲೂ ಬೇಕಾದ ಅನುಮತಿಯನ್ನು ವಿಚಾರಿಸಿಕೊಳ್ಳಿರಿ.