ಅಲುಗದ ಕಾಯಕ



ನಮ್ಮ ಮಠದ ಭಕ್ತರೊಬ್ಬರು ಸ್ಪೇನ್ ದೇಶ ನೋಡಿಕೊಂಡು ಬಂದವರು ಮೊನ್ನೆ ದರ್ಶನಕ್ಕೆ ಬಂದಿದ್ದರು. ಅಲ್ಲಿ ಬಾರ್ಸೆಲೋನಾ ಪಟ್ಟಣದಲ್ಲಿ ರಾಂಬ್ಲಾ ಎಂಬ ಬೀದಿಯುಂಟು, ಸುಮಾರು 1.2 ಕಿಲೋಮೀಟರು ಉದ್ದ. ಅದರ ಕೊನೆಗೆ, ಬಂದರಿನ ಬಳಿ, 1888ರಲ್ಲಿ ನಿಲ್ಲಿಸಿದ ಕೊಲಂಬಸನ ಕಂಬ. ಆ ಕಡೆಯ ಭಾಗದಲ್ಲಿ ಜೀವಂತ ಪ್ರತಿಮೆಗಳು ನಿಲ್ಲುತ್ತವೆ. ಮೈಗೆಲ್ಲ ಬಂಗಾರದ ಇಲ್ಲವೆ ಕಂಚಿನ ಬಣ್ಣ ಬಳಿದುಕೊಂಡ ಮನುಷ್ಯರು! ಡಬ್ಬಿಗೆ ಕಾಸು ಬಿದ್ದರೆ ಒಮ್ಮೆ ತಲೆ ಬಾಗಿ ಮತ್ತೆ ಕಲ್ಲಾಗುತ್ತಾರೆ. ಹೀಗೆ ನಿಲ್ಲಲು ನಗರಸಭೆಯ ಪರವಾನಗಿಯೂ ಬೇಕು.

"ಬುದ್ಧೀ, ದುಡಿಯಲಾರದವರ ಉಪಾಯ ಅದು. ಸುಮ್ಮನೆ ನಿಂತು ದುಡ್ಡು ಕೇಳುತ್ತಾರೆ" ಎಂದರು ಆ ಭಕ್ತರು.

ಸುಮ್ಮನೆ ನಿಲ್ಲುವುದು! ನಾವು ಲಿಂಗಪೂಜೆಗೆ ಕುಳಿತರೆ ಐದು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ, ಹತ್ತು ನಿಮಿಷಕ್ಕೆ ಕಣ್ಣು ಗಡಿಯಾರದ ಕಡೆ ಓಡುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ನೂಕುತ್ತದೆ. ಅಲುಗದೆ ನಿಂತರೆ ಆ ನೂಕು ತಗ್ಗಿ ರಕ್ತ ಕಾಲಿನಲ್ಲೇ ತಂಗುತ್ತದೆ, ಮಿದುಳಿಗೆ ಕಡಿಮೆ ಬೀಳುತ್ತದೆ. ಕವಾಯತಿನಲ್ಲಿ ಗಟ್ಟಿಮುಟ್ಟಾದ ಸಿಪಾಯಿ ತಲೆ ಸುತ್ತಿ ಬೀಳುವುದು ಇದರಿಂದಲೇ. ಇಷ್ಟರ ಮೇಲೆ ಬಿಸಿಲು, ಬಣ್ಣದ ಕೆಳಗೆ ಬೆವರು, ಮೂಗಿನ ಮೇಲೆ ನೊಣ, ಎದುರಿಗೇ ಬಂದು ಅಣಕಿಸುವ ಹುಡುಗರು.

ಓಡಾಡಿದರೆ ಮಾತ್ರ ಕಾಯಕವೇ? ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಹೊಲಕ್ಕೆ ಹಂದಿ ಬಾರದಂತೆ ಕಾಯುವವನೂ ನೋಡುವವರಿಗೆ ಸುಮ್ಮನೆ ಕುಳಿತವನೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನವರಿದ್ದರು. ವೇಷ ಕಟ್ಟುವುದೇ ಅವರ ಕಾಯಕ. ವೇಷಗಾರನೆಂದು ಶರಣರು ಅವರನ್ನು ಹೊರಗಿಡಲಿಲ್ಲ. ಅವರ ವಚನಗಳು ಇಂದಿಗೂ ನಮ್ಮಲ್ಲಿವೆ.

ನಮಗೆ ಅಚ್ಚರಿ ಬೇರೆಯದು. ಸ್ಥಾವರ ದೊಡ್ಡದೋ ಜಂಗಮ ದೊಡ್ಡದೋ ಎಂದು ಕೇಳಿದರೆ ಜಂಗಮವೆಂದು ಥಟ್ಟನೆ ಹೇಳಿಬಿಡುತ್ತೇವೆ. ಮನುಷ್ಯ ಕಲ್ಲಿನಂತೆ ನಿಂತರೆ ಮಾತ್ರ ಗುಂಪು ಕೂಡಿ ನೋಡುತ್ತೇವೆ. ಅವನೇ ಸಂಜೆ ಬಣ್ಣ ತೊಳೆದು, ಕಾಲು ನೀವಿಕೊಳ್ಳುತ್ತ, ಹಸಿದು ಪಕ್ಕದಲ್ಲಿ ಹಾದುಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

"ಅವನ ಡಬ್ಬಿಗೆ ನೀವೇನು ಹಾಕಿದಿರಿ?" ಎಂದು ಆ ಭಕ್ತರನ್ನು ಕೇಳಿದೆವು.

"ಫೋಟೋ ತೆಗೆದುಕೊಂಡೆ ಬುದ್ಧೀ. ಅಷ್ಟರಲ್ಲಿ ಅವನು ಕೈಯಿಂದ ಮುಖ ಮುಚ್ಚಿಕೊಂಡ" ಎಂದರು. ಆಮೇಲೆ ಪ್ರಸಾದಕ್ಕೆ ಏಳುವವರೆಗೂ ಅವರು ಮಾತಾಡಲಿಲ್ಲ.