ಬೆವರು ಆರುವ ಮುನ್ನ

(ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ ಮತ್ತು ಅನುಗ್ರಹಗಳಿರಲಿ.

ಕೆಲಸಗಾರನ ಬೆವರು ಆರುವ ಮೊದಲೇ ಅವನ ಕೂಲಿ ಕೊಟ್ಟುಬಿಡಬೇಕೆಂಬ ಪ್ರವಾದಿ(ಸ)ರ ಬೋಧನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಕೂಲಿಯ ಬಗ್ಗೆ ಈ ಮಿಂಬರಿನಿಂದ ಬಹಳ ಸಲ ಕೇಳಿದ್ದೇವೆ. ಈ ವಾರ ಬೆವರಿನ ಬಗ್ಗೆ ಸ್ವಲ್ಪ ಯೋಚಿಸೋಣ. ಏಪ್ರಿಲ್ ಬಂದಿದೆ, ಬಿಸಿಲು ಏರುತ್ತಿದೆ. ನಮ್ಮಲ್ಲಿ ಸೆಂಟ್ರಿಂಗ್ ಕೆಲಸದವರಿದ್ದಾರೆ, ಮೀನು ಹೊರುವವರಿದ್ದಾರೆ, ಗಲ್ಫಿನಲ್ಲಿ ದುಡಿಯುವ ಮಕ್ಕಳ ತಂದೆ-ತಾಯಿಯರಿದ್ದಾರೆ. ಇನ್ನೊಬ್ಬರಿಂದ ಕೆಲಸ ಮಾಡಿಸುವವರೂ ಇದ್ದಾರೆ.

ಸುಮ್ಮನೆ ಕುಳಿತ ಒಬ್ಬ ಮನುಷ್ಯನ ದೇಹ ಹೆಚ್ಚುಕಡಿಮೆ 100 ವ್ಯಾಟಿನ ಹಳೆಯ ಬಲ್ಬಿನಷ್ಟು ಶಾಖವನ್ನು ಸದಾ ಹೊರಹಾಕುತ್ತಿರುತ್ತದೆ. ಇಲ್ಲಿ ನಾಲ್ಕು ನೂರು ಜನ ಕುಳಿತಿದ್ದೇವೆಂದರೆ ನಾಲ್ಕು ನೂರು ಬಲ್ಬು ಉರಿಯುತ್ತಿವೆ ಎಂದೇ ಅರ್ಥ. ಫ್ಯಾನು ಎಷ್ಟು ಹಾಕಿದರೂ ಸಾಲದೆಂದು ಕಮಿಟಿಯವರನ್ನು ದೂರುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು! ಜಲ್ಲಿ ಬುಟ್ಟಿ ಹೊತ್ತು ಏಣಿ ಹತ್ತುವವನ ಮೈಯಲ್ಲಿ ಈ ಶಾಖ ಹಲವು ಪಟ್ಟು ಹೆಚ್ಚು. ಅದು ಹೊರಗೆ ಹೋಗಲೇಬೇಕು. ಹೋಗದೆ ಒಳಗೇ ಉಳಿದರೆ ಸುಮ್ಮನೆ ಕುಳಿತವನ ಮೈ ಕೂಡ ಗಂಟೆಗೆ ಸುಮಾರು 1 ಡಿಗ್ರಿಯಂತೆ ಕಾಯುತ್ತಾ ಹೋಗುತ್ತದೆ. ಸುಮಾರು 37 ಡಿಗ್ರಿಯಲ್ಲಿರಬೇಕಾದ ದೇಹ 40 ದಾಟಿದರೆ ಮಿದುಳಿಗೇ ಅಪಾಯ.

ಇದನ್ನು ನೋಡಿಕೊಳ್ಳಲು ಮಿದುಳಿನ ಬುಡದಲ್ಲಿ ಬಾದಾಮಿಯಷ್ಟು ಚಿಕ್ಕದಾದ ಹೈಪೊಥಲಾಮಸ್ ಎಂಬ ಭಾಗವನ್ನು ಅಲ್ಲಾಹನು ಇಟ್ಟಿದ್ದಾನೆ. ರಕ್ತ ಬಿಸಿಯಾದೊಡನೆ ಅದು ಚರ್ಮದ ರಕ್ತನಾಳಗಳನ್ನು ಅಗಲಗೊಳಿಸುತ್ತದೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬಂದು ಗಾಳಿಗೆ ಶಾಖ ಬಿಟ್ಟುಕೊಡುತ್ತದೆ. ಬಿಸಿಲಲ್ಲಿ ಮುಖ ಕೆಂಪೇರುವುದು ಇದರಿಂದಲೇ. ಆದರೆ ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿದ್ದರೆ? ಆಗ ಉಳಿಯುವ ದಾರಿ ಒಂದೇ, ಬೆವರು.

ನಮ್ಮ ಮನೆಯ ಮಣ್ಣಿನ ಹೂಜಿಯೂ ಹೀಗೆಯೇ ಕೆಲಸ ಮಾಡುತ್ತದೆ. ಹೊರಮೈಯಲ್ಲಿ ಜಿನುಗಿದ ನೀರು ಆವಿಯಾಗುವಾಗ ಹೂಜಿಯ ಶಾಖವನ್ನು ಹೊತ್ತೊಯ್ಯುತ್ತದೆ, ಒಳಗಿನ ನೀರು ತಂಪಾಗುತ್ತದೆ. ಆದರೆ ಮಳೆಗಾಲದಲ್ಲಿ ಅದೇ ಹೂಜಿಯ ನೀರು ಅಷ್ಟು ತಣ್ಣಗಿರುವುದಿಲ್ಲ. ಗಾಳಿಯಲ್ಲಿ ಆಗಲೇ ತೇವ ತುಂಬಿರುವುದರಿಂದ ಜಿನುಗಿದ ನೀರು ಆರುವುದಿಲ್ಲ. ನಮ್ಮ ದೇಹದ್ದೂ ಇದೇ ಕತೆ. ಮೈಯನ್ನು ತಂಪು ಮಾಡುವುದು ಬೆವರು ಬರುವುದಲ್ಲ, ಬೆವರು ಆರುವುದು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಮೈಯ ನೀರನ್ನೂ ಉಪ್ಪನ್ನೂ ಒಯ್ಯುತ್ತದೆಯೇ ಹೊರತು ಶಾಖವನ್ನು ಹೆಚ್ಚೇನೂ ಒಯ್ಯುವುದಿಲ್ಲ.

ಆದ್ದರಿಂದಲೇ ನಮ್ಮ ಕರಾವಳಿಯ ಸೆಕೆಯನ್ನು ಹಗುರವಾಗಿ ಕಾಣಬಾರದು. ಕಲಬುರಗಿಯಲ್ಲಿ 42 ಡಿಗ್ರಿ, ನಮ್ಮಲ್ಲಿ ಬರೀ 34 ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಅಲ್ಲಿಯ ಒಣ ಗಾಳಿಯಲ್ಲಿ ಬೆವರು ಬೇಗನೆ ಆರುತ್ತದೆ. ಇಲ್ಲಿ ಅಂಗಿ ಹಿಂಡಿದರೆ ನೀರು ಸುರಿಯುತ್ತದೆ, ಮೈ ಮಾತ್ರ ತಣಿಯುವುದಿಲ್ಲ. ಒಣ ಬಿಸಿಲಿಗೂ ಅದರದೇ ಮೋಸವಿದೆ. ಬೆವರು ಕಾಣಿಸುವ ಮೊದಲೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂದು ಗೊತ್ತೇ ಆಗುವುದಿಲ್ಲ. 2024ರ ಹಜ್ಜ್ ನೆನಪಿಸಿಕೊಳ್ಳಿ. ಮಕ್ಕಾದಲ್ಲಿ ಉಷ್ಣಾಂಶ 51.8 ಡಿಗ್ರಿಗೆ ಏರಿತ್ತು. 1301 ಮಂದಿ ಮೃತಪಟ್ಟರೆಂದು ಸೌದಿ ಸರ್ಕಾರವೇ ತಿಳಿಸಿತು. ಅವರಲ್ಲಿ 83 ಶೇಕಡಾ ಮಂದಿ ಅಧಿಕೃತ ಪರವಾನಗಿ ಇಲ್ಲದೆ ಹೋದವರು, ನೆರಳಿಲ್ಲದೆ ಬಹಳ ದೂರ ನಡೆದವರು. ಅಲ್ಲಾಹನು ಅವರಿಗೆಲ್ಲ ಮಗ್ಫಿರತ್ ನೀಡಲಿ. ಬಿಸಿಲು ಅದೇ, ಹಾದಿ ಅದೇ. ಡೇರೆ ಮತ್ತು ಬಸ್ಸು ಇದ್ದವರಿಗೂ ಇಲ್ಲದವರಿಗೂ ನಡುವೆ ಎಷ್ಟೊಂದು ವ್ಯತ್ಯಾಸವಾಯಿತು!

ಬಿಸಿಲನ್ನು ಸಹಿಸಿಕೊಳ್ಳುವುದೇ ಪುಣ್ಯವೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಬುಖಾರಿಯಲ್ಲಿ ವರದಿಯಾದ ಒಂದು ಘಟನೆಯನ್ನು ಕೇಳಿ. ಪ್ರವಾದಿ(ಸ)ರು ಖುತ್ಬಾ ನೀಡುತ್ತಿದ್ದಾಗ ಒಬ್ಬ ವ್ಯಕ್ತಿ ನಿಂತೇ ಇರುವುದು ಕಂಡಿತು. ವಿಚಾರಿಸಿದಾಗ ತಿಳಿಯಿತು, ಆತ ಅಬೂ ಇಸ್ರಾಯೀಲ್. ಕೂರುವುದಿಲ್ಲ, ನೆರಳಿಗೆ ಹೋಗುವುದಿಲ್ಲ, ಮಾತಾಡುವುದಿಲ್ಲ, ಉಪವಾಸವಿರುತ್ತೇನೆ ಎಂದು ಹರಕೆ ಹೊತ್ತಿದ್ದ. ಅವನು ಮಾತಾಡಲಿ, ನೆರಳಿಗೆ ಹೋಗಲಿ, ಕುಳಿತುಕೊಳ್ಳಲಿ, ಉಪವಾಸವನ್ನು ಮಾತ್ರ ಪೂರ್ತಿಗೊಳಿಸಲಿ ಎಂದು ಪ್ರವಾದಿ(ಸ)ರು ಆಜ್ಞಾಪಿಸಿದರು. ಗಮನಿಸಿ, ಉಪವಾಸವನ್ನು ಬಿಡಿಸಲಿಲ್ಲ, ಅದು ಇಬಾದತ್. ಬಿಸಿಲಲ್ಲಿ ನಿಲ್ಲುವುದು ಇಬಾದತ್ ಅಲ್ಲವೆಂದು ಅದನ್ನು ಬಿಡಿಸಿದರು. ಬೇಸಿಗೆಯ ಉರಿಯಲ್ಲಿ ಝುಹರ್ ನಮಾಝನ್ನು ಸ್ವಲ್ಪ ತಂಪಾಗುವವರೆಗೆ ತಡಮಾಡಲು ಹೇಳಿದವರೂ ಅವರೇ.

ಅಲ್ಲಾಹನ ಮುಂದೆ ನಿಲ್ಲುವ ನಮಾಝನ್ನೇ ತಂಪಿಗೆ ಮುಂದೂಡಬಹುದಾದರೆ, ನಮ್ಮ ಗೋಡೆಯ ಸಾರಣೆಯನ್ನು ಮುಂದೂಡಲು ಏನಡ್ಡಿ? ಕಲಬುರಗಿ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಬದಲಿಸುವ ಪದ್ಧತಿಯಿದೆ. ಒಳ್ಳೆಯದೇ. ಆದರೆ ಫ್ಯಾನಿನ ಕೆಳಗಿನ ಗುಮಾಸ್ತನಿಗೆ ಸಿಕ್ಕ ಈ ಕನಿಕರ ಆ ಕಚೇರಿಯ ಮುಂದೆ ರಸ್ತೆ ಅಗೆಯುವವನಿಗೂ ಸಿಗಬೇಡವೇ? ಸೌದಿಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಕತಾರ್‌ನಲ್ಲಿ 2021ರಿಂದ ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ 3.30ರ ತನಕ ಈ ನಿಷೇಧವಿದೆ. ನಿಮ್ಮ ಮಕ್ಕಳು ಅಲ್ಲಿದ್ದರೆ ಈ ಸಮಯಗಳನ್ನು ಅವರಿಗೆ ತಿಳಿಸಿ. ಹೊಸದಾಗಿ ಹೋದವರು ಇನ್ನೂ ಜಾಗ್ರತೆ ವಹಿಸಬೇಕು. ಬಿಸಿಲಿಗೆ ದೇಹ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಮೊದಲ ದಿನವೇ ಹಳಬರ ಸಮಕ್ಕೆ ದುಡಿಯಲು ಹೋಗುವ ಯುವಕನೇ ಮೊದಲು ಬೀಳುತ್ತಾನೆ.

ಮನೆಯ ಹಿರಿಯರ ವಿಷಯ ಬೇರೆ. ವಯಸ್ಸಾದಂತೆ ಬೆವರೂ ಕಡಿಮೆ, ಬಾಯಾರಿಕೆಯೂ ಕಡಿಮೆ. ಬೇಡ ಅಂದರೂ ಅಜ್ಜಿಗೆ ಗಂಟೆಗೊಮ್ಮೆ ನೀರು, ಮಜ್ಜಿಗೆ, ಗಂಜಿತಿಳಿ ಕೊಡಿ. ಬಿ.ಪಿ., ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರಿಗೆ ನೀರು, ಉಪ್ಪು ಎಷ್ಟೆಂದು ವೈದ್ಯರನ್ನು ಕೇಳಿಕೊಳ್ಳಿ.

ಬಿಸಿಲಿನಲ್ಲಿದ್ದವನು ತೊದಲತೊಡಗಿದರೆ, ಗೊಂದಲಗೊಂಡರೆ, ಬಿದ್ದರೆ, ಅದು ಬರೀ ಸುಸ್ತಲ್ಲ, ಜೀವದ ಪ್ರಶ್ನೆ. ಮೈ ಬೆವರಿದೆ, ಹಾಗಾದರೆ ಉಷ್ಣಾಘಾತವಲ್ಲ ಎಂದು ತಿಳಿಯಬೇಡಿ. ದುಡಿಯುವವನಿಗೆ ಬೆವರಿರುವಾಗಲೂ ಆಗುತ್ತದೆ. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ಕಾಯಬೇಡಿ, ನೆರಳಿಗೆ ಒಯ್ದು, ಅಂಗಿ ಬಿಚ್ಚಿ, ಮೈಗೆಲ್ಲ ನೀರು ಹೊಯ್ದು ಗಾಳಿ ಬೀಸಿ. ಕಂಕುಳಲ್ಲಿ, ಕುತ್ತಿಗೆಯಲ್ಲಿ ಐಸ್ ಇಡಿ. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇದಕ್ಕೆ ಉಪಯೋಗಕ್ಕೆ ಬಾರದು. ಜ್ವರದಲ್ಲಿ ಮಿದುಳೇ ಉಷ್ಣಾಂಶವನ್ನು ಏರಿಸಿರುತ್ತದೆ, ಇಲ್ಲಿ ಅದರ ಹಿಡಿತವೇ ತಪ್ಪಿರುತ್ತದೆ. ಉಪವಾಸದಲ್ಲಿದ್ದು ತಲೆ ಸುತ್ತಿ ಜೀವಕ್ಕೆ ಅಪಾಯವೆನಿಸಿದರೆ ಉಪವಾಸ ಮುರಿಯಬೇಕು. ಇನ್ನೊಂದು ದಿನ ಪೂರೈಸಲು ಅವಕಾಶವಿದೆ.

ಚಳಿಯ ಬಗ್ಗೆ ಒಂದು ಮಾತು. ಚಳಿಯಾದಾಗ ದೇಹ ಸ್ನಾಯುಗಳನ್ನು ನಡುಗಿಸಿ ಶಾಖ ಹುಟ್ಟಿಸುತ್ತದೆ. ನವಜಾತ ಶಿಶುವಿಗೆ ಹಾಗೆ ನಡುಗಲು ಬಾರದು. ಆದ್ದರಿಂದ ಹುಟ್ಟಿದ ಮಗುವಿನ ಮೊದಲ ಸ್ನಾನವನ್ನು 24 ಗಂಟೆ ತಡಮಾಡಿ, ತಾಯಿಯ ಮೈಗೆ ಒತ್ತಿ ಮಲಗಿಸಿ. ಚಳಿಯ ರಾತ್ರಿ ಸ್ನಾನ ಮಾಡಿದರೆ ಪ್ರಾಣಕ್ಕೆ ಅಪಾಯವೆಂದು ಅಂಜಿ ತಯಮ್ಮುಮ್ ಮಾಡಿ ನಮಾಝಿಗೆ ನಿಂತ ಅಮ್ರ್ ಬಿನ್ ಆಸ್(ರ)ರ ಮಾತು ಕೇಳಿ ಪ್ರವಾದಿ(ಸ)ರು ನಕ್ಕರು, ಏನೂ ಆಕ್ಷೇಪಿಸಲಿಲ್ಲ.

ಮುಂದಿನ ತಿಂಗಳು ನಮ್ಮ ಮದ್ರಸದ ಮೇಲ್ಮಹಡಿಯ ಕೆಲಸ ಆರಂಭವಾಗಲಿದೆ. ಕಮಿಟಿಯವರು ಮೇಸ್ತ್ರಿಯೊಂದಿಗೆ ಮಾತಾಡಿದ್ದಾರೆ: ಬೆಳಿಗ್ಗೆ 6.30ರಿಂದ 11.30, ಮತ್ತೆ ಅಸ್ರ್ ನಮಾಝಿನ ನಂತರ. ಕೂಲಿಯಲ್ಲಿ ಒಂದು ರೂಪಾಯಿಯೂ ಕಡಿತವಿಲ್ಲ. ಮಧ್ಯಾಹ್ನ ಅವರು ಮಲಗಲು ಮಸೀದಿಯ ಹೊರಜಗಲಿ, ಮೈಗೆ ನೀರು ಹಾಕಿಕೊಳ್ಳಲು ವುಝೂ ಮಾಡುವ ಸ್ಥಳ ತೆರೆದಿರುತ್ತದೆ, ಯಾವ ಧರ್ಮದವರಿದ್ದರೂ ಸರಿ. ಗೇಟಿನ ಬಳಿ ಎರಡು ಹೂಜಿ ಇಡುತ್ತೇವೆ. ದಿನವೂ ಅವುಗಳನ್ನು ತೊಳೆದು ನೀರು ತುಂಬಿಸುವವರು ಬೇಕಾಗಿದ್ದಾರೆ, ನಮಾಝಿನ ನಂತರ ಹೆಸರು ಕೊಡಿ.